ಜೆಸ್ಸಿ ಅನ್ರೂ ಎಂದರೆ ಹಣದ ಮಾತೊಂದೇ ಅಲ್ಲ

ಸಂಪಾದಕರಿಗೆ,

ಮಾನ್ಯರೇ,

ಚುನಾವಣೆಯ ಖರ್ಚಿನ ಬಗ್ಗೆ ಲೇಖನ ಬಂದಾಗಲೆಲ್ಲ ಅದರಲ್ಲೊಂದು ಸಾಲು ಇಣುಕುವುದುಂಟು: ‘ಹಣವೇ ರಾಜಕಾರಣದ ತಾಯಿಹಾಲು’. ಹೇಳಿದವರು ಅಮೆರಿಕದ ಜೆಸ್ಸಿ ಅನ್ರೂ ಎಂದು ಸೇರಿಸಿ ಲೇಖಕರು ಮುಂದಿನ ವಿಷಯಕ್ಕೆ ಹೋಗಿಬಿಡುತ್ತಾರೆ. ಮಾತು ಅವರದೇ, ಅದರಲ್ಲಿ ತಪ್ಪಿಲ್ಲ. ಆದರೆ ಆ ಒಂದು ಸಾಲಿನಿಂದಲೇ ಅವರನ್ನು ಅಳೆದರೆ, 20ನೇ ಶತಮಾನದ ನಡುಭಾಗದಲ್ಲಿ ಕ್ಯಾಲಿಫೋರ್ನಿಯಾದ ಶಾಸನಸಭೆ ಹೇಗೆ ತನ್ನ ಕಾಲ ಮೇಲೆ ನಿಂತಿತು ಎಂಬ ಸಂಗತಿಯೇ ನಮ್ಮ ಕೈತಪ್ಪುತ್ತದೆ. ಅಮೆರಿಕ ಎಂದರೆ ಅಧ್ಯಕ್ಷರು ಮತ್ತು ವಾಷಿಂಗ್ಟನ್ ಎಂಬಂತೆ ಬರೆಯುವುದು ನಮ್ಮಲ್ಲಿ ರೂಢಿ. ಶಾಲೆ, ಆಸ್ಪತ್ರೆ, ಸೆರೆಮನೆ, ವಿಚ್ಛೇದನ, ಅಂಗಡಿಯ ಕಂತಿನ ಸಾಲ ಇವೆಲ್ಲ ಅಲ್ಲಿ ಬಹುಪಾಲು ರಾಜ್ಯಗಳಲ್ಲೇ ತೀರ್ಮಾನವಾಗುತ್ತವೆ. ಅಂಥ ಒಂದು ರಾಜ್ಯದ ಶಾಸಕನ ಕೆಲಸವನ್ನು ವಿವರವಾಗಿ ಮುಂದಿಡಲು ಈ ಪತ್ರ. ಉದ್ದವಾಗಿದ್ದಕ್ಕೆ ಕ್ಷಮೆಯಿರಲಿ.

ಅನ್ರೂ ಹುಟ್ಟಿದ್ದು 1922ರ ಸೆಪ್ಟೆಂಬರ್ 30ರಂದು, ಕ್ಯಾನ್ಸಸ್ ರಾಜ್ಯದ ನ್ಯೂಟನ್‌ನಲ್ಲಿ. ಬೆಳೆದದ್ದು ಟೆಕ್ಸಸ್‌ನಲ್ಲಿ, ಬೇರೆಯವರ ಹೊಲವನ್ನು ಪಾಲಿಗೆ ಮಾಡುತ್ತಿದ್ದ ಬಡ ಕುಟುಂಬದಲ್ಲಿ. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿದ್ದರು. ಯುದ್ಧ ಮುಗಿದ ಮೇಲೆ ಮಾಜಿ ಸೈನಿಕರ ಓದಿನ ಖರ್ಚನ್ನು ಸರ್ಕಾರವೇ ಭರಿಸುವ ಕಾಯ್ದೆಯ ನೆರವಿನಿಂದ ಲಾಸ್ ಏಂಜಲೀಸ್‌ನ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸೇರಿ 1948ರಲ್ಲಿ ಪದವಿ ಪಡೆದರು. ಎರಡು ಸಲ ಸೋತು, ಮೂರನೇ ಸಲ 1954ರಲ್ಲಿ ಡೆಮಾಕ್ರಾಟ್ ಪಕ್ಷದಿಂದ ಗೆದ್ದು, 1955ರ ಜನವರಿಯಲ್ಲಿ ರಾಜಧಾನಿ ಸ್ಯಾಕ್ರಮೆಂಟೊದ ಕೆಳಮನೆಯಲ್ಲಿ ಕುಳಿತರು.

ಅವರು ಕಾಲಿಟ್ಟ ಸದನ ಎಂಥದ್ದಾಗಿತ್ತು ಎಂಬುದನ್ನು ತಿಳಿಯದೆ ಮುಂದಿನದು ಅರ್ಥವಾಗದು. ಕೆಳಮನೆಗೆ 80 ಸದಸ್ಯರು, ಎರಡು ವರ್ಷದ ಅವಧಿ. ಮೇಲ್ಮನೆಗೆ 40 ಸದಸ್ಯರು, ನಾಲ್ಕು ವರ್ಷದ ಅವಧಿ. ಇದು ಇಂದಿಗೂ ಹಾಗೇ ಇದೆ. ಆದರೆ ಆಗ ಸಾಮಾನ್ಯ ಅಧಿವೇಶನ ಬೆಸ ಸಂಖ್ಯೆಯ ವರ್ಷಗಳಲ್ಲಿ ಮಾತ್ರ, ಅದೂ 120 ದಿನ. ಸರಿ ಸಂಖ್ಯೆಯ ವರ್ಷಗಳಲ್ಲಿ ಬರೀ ಬಜೆಟ್‌ಗಾಗಿ 30 ದಿನ. ಸಂಬಳ ತಿಂಗಳಿಗೆ 500 ಡಾಲರ್, ಅದನ್ನು ರಾಜ್ಯದ ಸಂವಿಧಾನವೇ ನಿಗದಿ ಮಾಡಿತ್ತು. ಹಾಗಾಗಿ ಸದಸ್ಯರು ವಕೀಲಿಕೆಯನ್ನೋ ವಿಮೆಯ ವ್ಯವಹಾರವನ್ನೋ ತೋಟವನ್ನೋ ನೋಡಿಕೊಂಡು ಬಿಡುವಿನಲ್ಲಿ ಶಾಸಕರಾಗಿರುತ್ತಿದ್ದರು. ಸಾವಿರಾರು ಮಸೂದೆಗಳು ಬರುತ್ತಿದ್ದವು. ಒಂದೊಂದನ್ನೂ ಓದಿ, ಅದರಿಂದ ಯಾರಿಗೆ ಲಾಭ, ಬೊಕ್ಕಸಕ್ಕೆ ಎಷ್ಟು ಹೊರೆ ಎಂದು ಹೇಳುವ ಸಿಬ್ಬಂದಿ ಅವರ ಬಳಿ ಇಲ್ಲವೆನ್ನುವಷ್ಟು ಕಡಿಮೆ. 1941ರಲ್ಲಿ ಸ್ಥಾಪನೆಯಾದ ಶಾಸನಸಭೆಯ ಹಣಕಾಸು ವಿಶ್ಲೇಷಕರ ಕಚೇರಿಯೊಂದೇ ಆಸರೆ. 1949ರಿಂದ 1977ರವರೆಗೆ ಅದನ್ನು ನಡೆಸಿದ ಅಲನ್ ಪೋಸ್ಟ್ ಎರಡೂ ಪಕ್ಷಗಳ ನಂಬಿಕೆ ಗಳಿಸಿದ್ದರು. ಆದರೆ ಅವರ ನೋಟ ಮುಖ್ಯವಾಗಿ ಲೆಕ್ಕಪತ್ರದ ಕಡೆಗೆ.

ಹಾಗಿದ್ದರೆ ಮಸೂದೆಯ ಒಳಹೊರಗನ್ನು ಶಾಸಕರಿಗೆ ಹೇಳಿಕೊಡುತ್ತಿದ್ದವರು ಯಾರು? ಲಾಬಿ ನಡೆಸುವವರು. 1930 ಮತ್ತು 40ರ ದಶಕಗಳಲ್ಲಿ ಮದ್ಯ, ಸಾರಿಗೆ ಮುಂತಾದ ಉದ್ಯಮಗಳ ಪರವಾಗಿ ಸ್ಯಾಕ್ರಮೆಂಟೊವನ್ನು ಆಡಿಸಿದ ಆರ್ಟಿ ಸ್ಯಾಮಿಶ್ ಯಾವ ಚುನಾವಣೆಯನ್ನೂ ಗೆದ್ದವರಲ್ಲ. 1949ರಲ್ಲಿ ರಾಷ್ಟ್ರೀಯ ನಿಯತಕಾಲಿಕವೊಂದಕ್ಕೆ ಅವರು ತೊಡೆಯ ಮೇಲೆ ಮಾತನಾಡುವ ಗೊಂಬೆಯನ್ನು ಕೂರಿಸಿಕೊಂಡು ಫೋಟೊ ತೆಗೆಸಿಕೊಂಡರು. ಆ ಗೊಂಬೆಯೇ ಶಾಸನಸಭೆ ಎಂಬುದು ಅವರು ಬಹಿರಂಗವಾಗಿ ಕೊಟ್ಟ ಸೂಚನೆ. ಆ ಪ್ರಕಟಣೆಯೇ ಅವರಿಗೆ ಮುಳುವಾಯಿತು. 1953ರಲ್ಲಿ ತೆರಿಗೆ ವಂಚನೆಯಲ್ಲಿ ಶಿಕ್ಷೆಯೂ ಆಯಿತು. ಆದರೆ ಒಬ್ಬ ಸ್ಯಾಮಿಶ್ ಹೋದ ಮಾತ್ರಕ್ಕೆ ಸ್ಯಾಮಿಶ್‌ನನ್ನು ಬೆಳೆಸಿದ ಮಣ್ಣು ಬದಲಾಗಲಿಲ್ಲ.

ಆ ಮಣ್ಣಿನ ಒಂದು ಗುಣವನ್ನು ಇಲ್ಲಿ ಹೇಳಲೇಬೇಕು. 1913ರಿಂದ ಕ್ಯಾಲಿಫೋರ್ನಿಯಾದಲ್ಲಿ ಒಬ್ಬನೇ ಅಭ್ಯರ್ಥಿ ಎರಡೂ ಪಕ್ಷಗಳ ಪ್ರಾಥಮಿಕ ಚುನಾವಣೆಗೆ, ಅಂದರೆ ಪಕ್ಷದ ಹುರಿಯಾಳನ್ನು ಮತದಾರರೇ ಆರಿಸುವ ಮೊದಲ ಸುತ್ತಿಗೆ, ಹೆಸರು ಕೊಡಬಹುದಿತ್ತು. ಬಹುಕಾಲ ಮತಪತ್ರದಲ್ಲಿ ಅವನ ಪಕ್ಷದ ಹೆಸರೂ ಇರುತ್ತಿರಲಿಲ್ಲ. ಹೆಸರು ಪರಿಚಿತವಿದ್ದ ಹಾಲಿ ಶಾಸಕ ಎರಡೂ ಕಡೆ ಗೆದ್ದು ನವೆಂಬರ್‌ಗೆ ಮೊದಲೇ ಚುನಾವಣೆ ಮುಗಿಸಿಬಿಡುತ್ತಿದ್ದ. ಪಕ್ಷಕ್ಕೆ ಅವನ ಮೇಲೆ ಹಿಡಿತವಿಲ್ಲ, ಅವನಿಗೆ ಪಕ್ಷದ ಹಂಗಿಲ್ಲ. ಪ್ರಚಾರಕ್ಕೆ ಹಣ ಕೊಟ್ಟವರ ಹಂಗು ಮಾತ್ರ ಉಳಿಯುತ್ತಿತ್ತು. ಪಕ್ಷಗಳನ್ನು ದುರ್ಬಲಗೊಳಿಸಿ ರಾಜಕಾರಣವನ್ನು ಶುದ್ಧ ಮಾಡುತ್ತೇವೆ ಎಂದು ಹೊರಟ ಸುಧಾರಕರು ಆ ಖಾಲಿ ಜಾಗವನ್ನು ಲಾಬಿಗೆ ಬಿಟ್ಟುಕೊಟ್ಟಂತಾಯಿತು. 1954ರ ಚುನಾವಣೆಯಿಂದ ಪಕ್ಷದ ಹೆಸರು ಮತಪತ್ರಕ್ಕೆ ಬಂತು, 1959ರಲ್ಲಿ ಈ ಪದ್ಧತಿಯೇ ರದ್ದಾಯಿತು. ಅನ್ರೂ ಗೆದ್ದು ಬಂದದ್ದು ಸರಿಯಾಗಿ ಈ ತಿರುವಿನಲ್ಲಿ.

ಅವರ ಹಣದ ರಾಜಕಾರಣವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಉಳಿತಾಯ ಮತ್ತು ಗೃಹಸಾಲ ಸಂಸ್ಥೆಯ ದೊಡ್ಡ ಒಡೆಯರಾದ ಹೊವಾರ್ಡ್ ಅಹ್ಮಾನ್ಸನ್ ಅಂಥವರಿಂದ ದೇಣಿಗೆ ಪಡೆದು, ಅದನ್ನು ತಮ್ಮೊಬ್ಬರ ಚುನಾವಣೆಗೆ ಬಳಸದೆ, ಗೆಲ್ಲುವ ಸಾಧ್ಯತೆಯಿದ್ದ ಇತರ ಡೆಮಾಕ್ರಾಟ್ ಅಭ್ಯರ್ಥಿಗಳಿಗೆ ಹಂಚಿದರು. ಹಾಗೆ ಗೆದ್ದವರು ಲಾಬಿಯವರ ಬಳಿ ನೇರವಾಗಿ ಕೈಯೊಡ್ಡುವ ಅಗತ್ಯ ಕಡಿಮೆಯಾಯಿತು, ಅನ್ರೂ ಅವರಿಗೆ ಋಣಿಯಾಗುವುದು ಹೆಚ್ಚಾಯಿತು. ಇದನ್ನು ಶುದ್ಧೀಕರಣ ಎಂದು ಕರೆಯಲು ನಾವು ಸಿದ್ಧರಿಲ್ಲ. ಹಣ ಬಂದ ಮೂಲ ಬದಲಾಗಲಿಲ್ಲ, ಅದು ಹರಿಯುವ ಕಾಲುವೆ ಬದಲಾಯಿತು, ಕಾಲುವೆಯ ತೂಬು ಒಬ್ಬರ ಕೈಗೆ ಬಂತು. ಆದರೆ ಒಂದು ಶಾಸನಸಭೆ ರಾಜ್ಯಪಾಲರ ಮುಂದೆಯೂ ಉದ್ಯಮಗಳ ಮುಂದೆಯೂ ಒಗ್ಗಟ್ಟಾಗಿ ನಿಲ್ಲಲು ಆ ಕೇಂದ್ರೀಕರಣ ಆಗ ನೆರವಾಯಿತು ಎಂಬುದೂ ನಿಜ.

1959ರಲ್ಲಿ ಅವರು ಕೆಳಮನೆಯ ಆದಾಯ ಮತ್ತು ವೆಚ್ಚ ಸಮಿತಿಯ ಅಧ್ಯಕ್ಷರಾದರು. ಹಣ ಖರ್ಚಾಗುವ ಪ್ರತಿಯೊಂದು ಮಸೂದೆಯೂ ಅವರ ಮೇಜಿನ ಮೂಲಕವೇ ಹಾಯಬೇಕಿತ್ತು. ಅದೇ ವರ್ಷ ಪ್ಯಾಟ್ ಬ್ರೌನ್ ರಾಜ್ಯಪಾಲರಾಗಿ ಬಂದಿದ್ದರು. ಅಲ್ಲಿ ರಾಜ್ಯಪಾಲರು ಎಂದರೆ ಜನರೇ ಆರಿಸಿದ ಕಾರ್ಯಾಂಗದ ಮುಖ್ಯಸ್ಥರು ಎಂಬುದನ್ನು ಓದುಗರು ನೆನಪಿಡಬೇಕು. ಅನ್ರೂ ಹೆಸರಿನ ಎರಡು ಮುಖ್ಯ ಕಾಯ್ದೆಗಳು ಆ ವರ್ಷದವು.

ಮೊದಲನೆಯದು ಅನ್ರೂ ನಾಗರಿಕ ಹಕ್ಕುಗಳ ಕಾಯ್ದೆ. ಕ್ಯಾಲಿಫೋರ್ನಿಯಾದಲ್ಲಿ ಜನಾಂಗ ತಾರತಮ್ಯದ ವಿರುದ್ಧ 19ನೇ ಶತಮಾನದ ಕೊನೆಯಿಂದಲೇ ಕಾನೂನು ಇತ್ತು. ಅದರ ದೋಷ ಅದು ಬರೆದ ರೀತಿಯಲ್ಲಿತ್ತು: ಹೋಟೆಲು, ಉಪಾಹಾರ ಗೃಹ, ಐಸ್‌ಕ್ರೀಮ್ ಮತ್ತು ತಂಪು ಪಾನೀಯ ಮಾರುವ ಜಾಗ, ಕ್ಷೌರದಂಗಡಿ, ಸ್ನಾನಗೃಹ, ರಂಗಮಂದಿರ, ಸ್ಕೇಟಿಂಗ್ ಅಂಗಳ, ಸಾರ್ವಜನಿಕ ವಾಹನ ಎಂದು ಪಟ್ಟಿ ಕೊಟ್ಟು, ಇಂಥ ಇತರ ಸ್ಥಳಗಳು ಎಂದು ಕೊನೆಗೆ ಸೇರಿಸಿದ್ದರು. ಪಟ್ಟಿ ಇದ್ದಲ್ಲಿ ವಕೀಲರು ಪಟ್ಟಿಯಲ್ಲಿಲ್ಲ ಎಂದು ವಾದಿಸುತ್ತಾರೆ, ನ್ಯಾಯಾಲಯವೂ ಹಲವೊಮ್ಮೆ ಒಪ್ಪುತ್ತದೆ. 1950ರ ದಶಕದಲ್ಲಿ ಹಾಗೆಯೇ ಆಗುತ್ತಿತ್ತು. ಅನ್ರೂ ಕಾಯ್ದೆ ಪಟ್ಟಿಯನ್ನೇ ಕಿತ್ತುಹಾಕಿತು. ಜನಾಂಗ, ಬಣ್ಣ, ಧರ್ಮ, ವಂಶ, ರಾಷ್ಟ್ರಮೂಲ ಏನೇ ಇರಲಿ, ‘ಯಾವುದೇ ಬಗೆಯ ಎಲ್ಲ ವ್ಯವಹಾರ ಸಂಸ್ಥೆಗಳಲ್ಲಿ’ ಎಲ್ಲರಿಗೂ ಪೂರ್ಣ ಮತ್ತು ಸಮಾನ ಸೇವೆ ಸಿಗಬೇಕು ಎಂದಿತು. ತಪ್ಪಿದವರು ಆದ ನಷ್ಟದ ಜೊತೆಗೆ ಪ್ರತಿ ಅಪರಾಧಕ್ಕೆ 250 ಡಾಲರ್ ಕೊಡಬೇಕಿತ್ತು. ಅದು ರಾಜ್ಯದ ಸಿವಿಲ್ ಸಂಹಿತೆಯ 51 ಮತ್ತು 52ನೇ ಕಲಮುಗಳಲ್ಲಿದೆ. ಮಸೂದೆಯ ಮೊದಲ ರೂಪ ಇದಕ್ಕಿಂತ ವಿಶಾಲವಾಗಿತ್ತು. ಖಾಸಗಿ ಶಾಲೆ, ಸಂಘಸಂಸ್ಥೆಗಳನ್ನು ಹೆಸರಿಸಿದ್ದ ಭಾಗಗಳು ಮೇಲ್ಮನೆ ದಾಟುವ ಹೊತ್ತಿಗೆ ಉದುರಿದ್ದವು. ಉಳಿದ ಆ ಒಂದು ಪದಗುಚ್ಛವೇ ಸಾಕಾಯಿತು.

ಒಕ್ಕೂಟ ಸರ್ಕಾರದ ನಾಗರಿಕ ಹಕ್ಕುಗಳ ಕಾಯ್ದೆ ಬಂದದ್ದು 1964ರಲ್ಲಿ, ಇದಕ್ಕಿಂತ ಐದು ವರ್ಷ ತಡವಾಗಿ. ಅಷ್ಟರಲ್ಲಿ 1962ರಲ್ಲೇ ರಾಜ್ಯದ ಸುಪ್ರೀಂ ಕೋರ್ಟ್, ಮನೆಗಳನ್ನು ಕಟ್ಟಿ ಮಾರುವ ಕಂಪನಿಯೂ ವ್ಯವಹಾರ ಸಂಸ್ಥೆಯೇ ಎಂದು ತೀರ್ಪು ಕೊಟ್ಟು ಕಪ್ಪು ಖರೀದಿದಾರರಿಗೆ ದಾರಿ ತೆರೆದಿತ್ತು. 1970ರಲ್ಲಿ ಅದೇ ನ್ಯಾಯಾಲಯ, ಕಾಯ್ದೆಯಲ್ಲಿ ಹೆಸರಿಸಿದ ಜನಾಂಗ, ಧರ್ಮ ಮುಂತಾದವು ಉದಾಹರಣೆಗಳಷ್ಟೇ, ಮಿತಿಗಳಲ್ಲ ಎಂದಿತು. 1985ರಲ್ಲಿ ಕಾರು ತೊಳೆಯುವ ಅಂಗಡಿಗಳು ‘ಮಹಿಳೆಯರ ದಿನ’ ಎಂದು ಹೆಂಗಸರಿಗೆ ಮಾತ್ರ ಕೊಡುತ್ತಿದ್ದ ರಿಯಾಯಿತಿಯೂ ಇದೇ ಕಾಯ್ದೆಯ ಕೆಳಗೆ ಅಕ್ರಮವಾಯಿತು. ಮುಂದೆ ಲಿಂಗ, ಅಂಗವೈಕಲ್ಯ, ಲೈಂಗಿಕ ಒಲವು, ವೈವಾಹಿಕ ಸ್ಥಿತಿಗಳನ್ನು ಶಾಸಕರೇ ಸೇರಿಸಿದರು. ಈಗ ಪರಿಹಾರ ಕನಿಷ್ಠ 4,000 ಡಾಲರ್, ಆದ ನಷ್ಟದ ಮೂರು ಪಟ್ಟಿನವರೆಗೂ ಏರಬಹುದು. ಇದೇ ಮೊತ್ತ ಇನ್ನೊಂದು ತೊಡಕು ತಂದಿದೆ. ಇಳಿಜಾರು ದಾರಿ ಇಲ್ಲ, ಶೌಚಾಲಯದ ಬಾಗಿಲು ಕಿರಿದು ಎಂದು ಒಬ್ಬರೇ ನೂರಾರು ಸಣ್ಣ ಅಂಗಡಿಗಳ ಮೇಲೆ ದಾವೆ ಹೂಡಿ, ತಪ್ಪು ಸರಿಪಡಿಸುವ ಮೊದಲೇ ಹಣಕ್ಕೆ ರಾಜಿ ಮಾಡಿಕೊಳ್ಳುವ ಪ್ರಕರಣಗಳು ಹೆಚ್ಚಿದವು. ಬೇಗ ಸರಿಪಡಿಸಿದವರಿಗೆ ಪರಿಹಾರದ ಮೊತ್ತ ತಗ್ಗಿಸುವ ತಿದ್ದುಪಡಿಯನ್ನು 2012ರಲ್ಲಿ ತರಬೇಕಾಯಿತು. ಹಾಗೆಂದು ಕಾಯ್ದೆಯ ಮೂಲಕ್ಕೆ ಕೈ ಹಚ್ಚುವ ವಾದವನ್ನು ನಾವು ಒಪ್ಪುವುದಿಲ್ಲ. ಗಾಲಿಕುರ್ಚಿಯಲ್ಲಿ ಬಂದವರು ಒಳಗೆ ಹೋಗಲಾಗದ ಅಂಗಡಿ, ಅವರ ಪಾಲಿಗೆ ಬಾಗಿಲು ಮುಚ್ಚಿದ ಅಂಗಡಿಯೇ.

ಎರಡನೆಯದು ಕಂತಿನ ಮಾರಾಟದ ಕಾಯ್ದೆ. ಇದರ ಬಗ್ಗೆ ಬರೆಯುವವರೇ ಇಲ್ಲ, ಆದರೆ ಕೆಳ ಮಧ್ಯಮ ವರ್ಗದ ಮನೆಗಳಿಗೆ ಇದು ದಿನನಿತ್ಯದ ರಕ್ಷಣೆ. ಯುದ್ಧಾನಂತರ ರೆಫ್ರಿಜರೇಟರ್, ಟಿವಿ, ಮಂಚ ಎಲ್ಲವೂ ಕಂತಿನ ಮೇಲೆ ಮಾರಾಟವಾಗುತ್ತಿದ್ದವು. ಖಾಲಿ ಜಾಗ ಬಿಟ್ಟ ಕರಾರಿಗೆ ಸಹಿ ಹಾಕಿಸಿಕೊಂಡು ಆಮೇಲೆ ಅಂಕಿ ತುಂಬುವುದು, ನಗದು ಬೆಲೆ ಎಷ್ಟು ಬಡ್ಡಿ ಎಷ್ಟು ಎಂದು ಬಿಡಿಸಿ ಹೇಳದಿರುವುದು ಅಂಗಡಿಗಳ ಚಾಳಿ. ಕರಾರು ಪೂರ್ತಿ ಒಂದೇ ದಾಖಲೆಯಲ್ಲಿರಬೇಕು, ಖಾಲಿ ಜಾಗ ಬಿಡಬಾರದು, ತುಂಬಿದ ಪ್ರತಿಯನ್ನು ಕೊಳ್ಳುವವರಿಗೆ ಕೊಡಬೇಕು, ಅವಧಿಗೆ ಮುಂಚೆ ಸಾಲ ತೀರಿಸಿದರೆ ಉಳಿದ ಅವಧಿಯ ಶುಲ್ಕದಲ್ಲಿ ಪಾಲು ವಾಪಸು ಮಾಡಬೇಕು ಎಂದು ಈ ಕಾಯ್ದೆ ವಿಧಿಸಿತು. ಅನ್ರೂ ಬಡತನದ ಸಾಲವನ್ನು ಹತ್ತಿರದಿಂದ ಕಂಡವರು, ಈ ಮಸೂದೆಯ ಪ್ರತಿ ಕಲಮಿನಲ್ಲಿ ಆ ತಿಳಿವಳಿಕೆ ಕಾಣುತ್ತದೆ.

1961ರ ಸೆಪ್ಟೆಂಬರ್ 30ರಂದು, ತಮ್ಮ 39ನೇ ಹುಟ್ಟುಹಬ್ಬದ ದಿನವೇ, ಅನ್ರೂ ಕೆಳಮನೆಯ ಸ್ಪೀಕರ್ ಆದರು. ಅಲ್ಲಿನ ಸ್ಪೀಕರ್ ಪಕ್ಷಾತೀತ ಪಂಚರಲ್ಲ, ಬಹುಮತದ ಪಕ್ಷದ ನಾಯಕರು. ಸಮಿತಿಗಳ ಅಧ್ಯಕ್ಷರನ್ನೂ ಸದಸ್ಯರನ್ನೂ ಅವರೇ ನೇಮಿಸುತ್ತಾರೆ, ಯಾರಿಗೆ ಯಾವ ಕೋಣೆ, ಎಷ್ಟು ಸಿಬ್ಬಂದಿ ಎಂಬುದೂ ಅವರ ಕೈಯಲ್ಲೇ. ಅನ್ರೂ ಈ ಅಧಿಕಾರವನ್ನು ಏಳು ವರ್ಷಕ್ಕೂ ಹೆಚ್ಚು ಕಾಲ ಬಳಸಿದರು. ಭಾರಿ ಮೈಕಟ್ಟು, ಗಡುಸು ಮಾತು ಎರಡೂ ಸೇರಿ ಅವರಿಗೆ ‘ಬಿಗ್ ಡ್ಯಾಡಿ’ ಎಂಬ ಅಡ್ಡಹೆಸರು ಅಂಟಿತು.

ಅಧಿಕಾರ ತಲೆಗೇರಿದಾಗ ಏನಾಗುತ್ತದೆ ಎಂಬುದಕ್ಕೂ ಅವರ ವೃತ್ತಿಯಲ್ಲೇ ಸಾಕ್ಷಿಯಿದೆ. ಅಲ್ಲಿ ಸಾಮಾನ್ಯ ಮಸೂದೆಗೆ 80ರಲ್ಲಿ 41 ಮತ ಸಾಕು, ಆದರೆ ಬಜೆಟ್‌ಗೆ ಮೂರನೇ ಎರಡರಷ್ಟು, ಅಂದರೆ 54 ಮತ ಬೇಕಿತ್ತು. ಡೆಮಾಕ್ರಾಟರಿಗೆ ಬಹುಮತವಿತ್ತು, 54 ಇರಲಿಲ್ಲ. 1963ರ ಜುಲೈ ಕೊನೆಯಲ್ಲಿ, ಶಾಲೆಗಳ ಅನುದಾನದ ಒಪ್ಪಂದದ ವಿವರವನ್ನು ಕಣ್ಣಾರೆ ಕಾಣದೆ ಮತ ಹಾಕುವುದಿಲ್ಲ ಎಂದು ರಿಪಬ್ಲಿಕನ್ ಸದಸ್ಯರು ಕೂತರು. ಸದನದ ನಿಯಮದಲ್ಲಿ, ಮತ ಮುಗಿಯುವವರೆಗೆ ಬಾಗಿಲು ಹಾಕಿ ಯಾರನ್ನೂ ಹೊರಗೆ ಬಿಡದಿರುವ ಅವಕಾಶವಿದೆ. ಅನ್ರೂ ಅದನ್ನೇ ಹಿಡಿದು ಅವರನ್ನು ರಾತ್ರಿಯಿಡೀ ಸಭಾಂಗಣದಲ್ಲಿ ಕೂಡಿಹಾಕಿದರು. ನಿಯಮದ ಪ್ರಕಾರ ತಪ್ಪಿರಲಿಲ್ಲ. ಆದರೆ ಮಾಹಿತಿ ಕೇಳಿದ ಶಾಸಕರನ್ನು ಬೀಗ ಹಾಕಿ ಮಣಿಸಲು ಹೋದದ್ದು ಪತ್ರಿಕೆಗಳಲ್ಲಿ ಸರ್ವಾಧಿಕಾರಿಯ ಚಿತ್ರವಾಗಿ ಅಚ್ಚಾಯಿತು. ಆ ಕಳಂಕ ಕೊನೆಯವರೆಗೂ ಬಿಡಲಿಲ್ಲ. ಅದು ಅನ್ಯಾಯದ ಟೀಕೆ ಎಂದು ನಾವು ಹೇಳುವುದಿಲ್ಲ.

ಅದೇ ವರ್ಷದ ಜೂನ್‌ನಲ್ಲಿ, ಅಧಿವೇಶನದ ಕೊನೆಯ ದಿನ ನಡುರಾತ್ರಿ ಹತ್ತಿರವಾಗುತ್ತಿದ್ದಾಗ, ಮನೆ ಮಾರುವಾಗ ಮತ್ತು ಬಾಡಿಗೆಗೆ ಕೊಡುವಾಗ ಜನಾಂಗ ತಾರತಮ್ಯವನ್ನು ತಡೆಯುವ ರಂಫರ್ಡ್ ನ್ಯಾಯಯುತ ವಸತಿ ಕಾಯ್ದೆ ಪಾಸಾಗಿತ್ತು. ಅದರ ಶ್ರೇಯ ಮೊದಲು ಸಲ್ಲಬೇಕಾದ್ದು ಬರ್ಕ್ಲಿಯ ಶಾಸಕ ಬೈರನ್ ರಂಫರ್ಡ್ ಅವರಿಗೆ. ವೃತ್ತಿಯಿಂದ ಔಷಧ ವ್ಯಾಪಾರಿಯಾದ ರಂಫರ್ಡ್ 1948ರಲ್ಲಿ ಆಯ್ಕೆಯಾದ ಕಪ್ಪು ಶಾಸಕ. 1959ರ ನ್ಯಾಯಯುತ ಉದ್ಯೋಗ ಕಾಯ್ದೆಯ ಹಿಂದೆಯೂ ಅವರ ವರ್ಷಗಟ್ಟಲೆ ದುಡಿಮೆ ಇದೆ. ಮೇಲ್ಮನೆಯ ಸಮಿತಿಯಲ್ಲಿ ವಸತಿ ಮಸೂದೆ ಸಿಕ್ಕಿಬಿದ್ದಾಗ ಹೋರಾಟಗಾರರು ವಿಧಾನ ಭವನದ ಗುಮ್ಮಟದ ಕೆಳಗೆ ಧರಣಿ ಕೂತರು, ಅನ್ರೂ ತಮ್ಮ ಬಲವನ್ನೆಲ್ಲ ಬಳಸಿ ಅದನ್ನು ಹೊರಗೆಳೆಯಲು ನೆರವಾದರು. ಮರುವರ್ಷ ಮತದಾರರು, ಜನರೇ ನೇರವಾಗಿ ಮತ ಹಾಕಿ ತೀರ್ಮಾನಿಸುವ 14ನೇ ಪ್ರಸ್ತಾವದ ಮೂಲಕ, ಮೂರರಲ್ಲಿ ಸುಮಾರು ಎರಡು ಪಾಲಿನ ಬಹುಮತದಿಂದ ಅದನ್ನು ಬುಡಮೇಲು ಮಾಡಿದರು. ಆ ಪ್ರಸ್ತಾವವನ್ನು ರಾಜ್ಯದ ಸುಪ್ರೀಂ ಕೋರ್ಟ್ 1966ರಲ್ಲಿ, ಅಮೆರಿಕದ ಸುಪ್ರೀಂ ಕೋರ್ಟ್ 1967ರಲ್ಲಿ ಅಸಾಂವಿಧಾನಿಕ ಎಂದವು. ರಂಫರ್ಡ್ 1966ರಲ್ಲಿ ಮೇಲ್ಮನೆಗೆ ನಿಂತು ಸೋತರು. ಅವರ ಬಗ್ಗೆಯೇ ಪ್ರತ್ಯೇಕ ಪತ್ರ ಬರೆಯಬಹುದು.

ಇನ್ನು ಅನ್ರೂ ಅವರ ಮುಖ್ಯ ಕೆಲಸಕ್ಕೆ ಬರುತ್ತೇವೆ. ಮಾಹಿತಿ ಇಲ್ಲದ ಶಾಸಕ ಸ್ವತಂತ್ರನಲ್ಲ ಎಂಬುದು ಅವರ ದೃಢವಾದ ತಿಳಿವಳಿಕೆ. ಸ್ಪೀಕರ್ ಆಗಿ ಅವರು ಪ್ರತಿ ಸ್ಥಾಯಿ ಸಮಿತಿಗೂ ವೃತ್ತಿಪರ ಸಲಹೆಗಾರರನ್ನು ಕೊಟ್ಟರು. ಸಲಹೆಗಾರರ ಕೆಲಸ ಭಾಷಣ ಬರೆಯುವುದಲ್ಲ. ಮಸೂದೆ ಸಮಿತಿಗೆ ಬರುವ ಮೊದಲೇ ಈಗಿರುವ ಕಾನೂನು ಏನು, ಮಸೂದೆ ಏನನ್ನು ಬದಲಿಸುತ್ತದೆ, ಖರ್ಚು ಎಷ್ಟು, ಯಾರು ಪರ, ಯಾರು ವಿರೋಧ ಎಂದು ಬರೆದು ಸದಸ್ಯರ ಮುಂದಿಡುವುದು. ವಿರೋಧ ಪಕ್ಷವಾದ ರಿಪಬ್ಲಿಕನ್ನರಿಗೂ ಅವರದೇ ಸಿಬ್ಬಂದಿ ಸಿಕ್ಕಿತು. 1963ರ ಆ ರಾತ್ರಿಯ ಜೊತೆಗಿಟ್ಟು ನೋಡಿದರೆ ಇದು ಒಗಟಿನಂತೆ ಕಾಣಬಹುದು, ಆದರೆ ಎರಡೂ ಒಬ್ಬರದೇ ಕೆಲಸ. ಕಾಲೇಜು ಮುಗಿಸಿದ ಯುವಕರನ್ನು ಶಾಸನಸಭೆಗೆ ತಂದು ತರಬೇತಿ ಕೊಡುವ ಕಾರ್ಯಕ್ರಮ 1950ರ ದಶಕದಲ್ಲೇ ಶುರುವಾಗಿತ್ತು. ಅದು ಇಂದು ಅನ್ರೂ ಹೆಸರಿನಲ್ಲೇ ನಡೆಯುತ್ತಿದೆ.

ಆ ಸಿಬ್ಬಂದಿಯಿಂದ ಏನಾಯಿತು ಎಂಬುದಕ್ಕೆ ಮಾನಸಿಕ ಆರೋಗ್ಯದ ಕಾನೂನು ಒಳ್ಳೆಯ ನಿದರ್ಶನ. 1950ರ ದಶಕದ ಕೊನೆಗೆ ರಾಜ್ಯದ ಮಾನಸಿಕ ಆಸ್ಪತ್ರೆಗಳಲ್ಲಿ ಸುಮಾರು 37,000 ಜನರಿದ್ದರು, ಬಹಳಷ್ಟು ಮಂದಿ ತಮ್ಮ ಇಚ್ಛೆಗೆ ವಿರುದ್ಧವಾಗಿ. ಜೆರೋಮ್ ವಾಲ್ಡಿ ನೇತೃತ್ವದ ಕೆಳಮನೆಯ ಉಪಸಮಿತಿ ಸಿಬ್ಬಂದಿಯನ್ನು ನ್ಯಾಯಾಲಯಗಳಿಗೆ ಕಳಿಸಿ, ಒಬ್ಬ ವ್ಯಕ್ತಿಯನ್ನು ಆಸ್ಪತ್ರೆಗೆ ತಳ್ಳುವ ವಿಚಾರಣೆಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಗಡಿಯಾರ ಹಿಡಿದು ಅಳೆಸಿತು. ಸರಾಸರಿ ಐದು ನಿಮಿಷಕ್ಕೂ ಕಡಿಮೆ! ಆ ವರದಿಯ ಬಲದಿಂದ 1967ರಲ್ಲಿ ಲ್ಯಾಂಟರ್ಮನ್–ಪೆಟ್ರಿಸ್–ಶಾರ್ಟ್ ಕಾಯ್ದೆ ಬಂತು. ಅದರಲ್ಲಿ ರಿಪಬ್ಲಿಕನ್ನರೂ ಡೆಮಾಕ್ರಾಟರೂ ಕೈಜೋಡಿಸಿದ್ದರು, ಸಹಿ ಹಾಕಿದವರು ರಾಜ್ಯಪಾಲ ರೊನಾಲ್ಡ್ ರೇಗನ್. ಬಲವಂತದ ದಾಖಲೆ ಮೊದಲಿಗೆ 72 ಗಂಟೆ, ಅಗತ್ಯವಿದ್ದರೆ ಇನ್ನು 14 ದಿನ, ಅದಕ್ಕೂ ಮೀರಿ ಇಡಬೇಕಾದರೆ ಬೇರೆಯೇ ಕಾರಣ ಮತ್ತು ನ್ಯಾಯಾಲಯದ ಕಣ್ಣು ಬೇಕು ಎಂದು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಕಾಯ್ದೆ ಅದು. 1969ರ ಜುಲೈ 1ರಿಂದ ಜಾರಿಗೆ ಬಂತು. ಸೋತದ್ದು ಇನ್ನೊಂದು ಕಡೆ. ಆಸ್ಪತ್ರೆಯಿಂದ ಹೊರಬಂದವರನ್ನು ಊರಿನಲ್ಲೇ ನೋಡಿಕೊಳ್ಳಲು ಬೇಕಾದ ಹಣ ಸಾಕಷ್ಟು ಹಿಂಬಾಲಿಸಲಿಲ್ಲ, ಹಾಸಿಗೆಗಳು ಮುಚ್ಚಿದವು, ಅನೇಕರು ಬೀದಿಗೂ ಸೆರೆಮನೆಗೂ ಬಿದ್ದರು. ಕಾನೂನಿನ ಅರ್ಧವನ್ನು ಮಾತ್ರ ಜಾರಿ ಮಾಡಿದರೆ ಆಗುವುದು ಇದೇ. ಮೊದಲ ತರಗತಿಗಳ ಮಕ್ಕಳಿಗೆ ಓದು ಕಲಿಸಲು ವಿಶೇಷ ಶಿಕ್ಷಕರನ್ನು ಕೊಟ್ಟ 1965ರ ಮಿಲ್ಲರ್–ಅನ್ರೂ ಕಾಯ್ದೆಯೂ ಈ ಕಾಲದ್ದೇ.

ಶಾಸನಸಭೆಯನ್ನು ಪೂರ್ಣಾವಧಿಯದನ್ನಾಗಿ ಮಾಡಿದ್ದು 1966ರ ನವೆಂಬರ್‌ನಲ್ಲಿ ಜನರ ಮುಂದೆ ಬಂದ ‘1ಎ’ ಪ್ರಸ್ತಾವ. ಪ್ರತಿ ವರ್ಷ ಸಾಮಾನ್ಯ ಅಧಿವೇಶನ, ದಿನಗಳ ಮಿತಿ ರದ್ದು, ಸಂಬಳ ವರ್ಷಕ್ಕೆ 6,000 ಡಾಲರ್‌ನಿಂದ 16,000 ಡಾಲರ್‌ಗೆ ಏರಿಕೆ. ಮುಂದಿನ ಏರಿಕೆಗೆ ಎರಡೂ ಮನೆಗಳ ಮೂರನೇ ಎರಡರಷ್ಟು ಮತ ಬೇಕು, ಅದೂ ವರ್ಷಕ್ಕೆ ಶೇ 5 ಮೀರಬಾರದು ಎಂಬ ಕಡಿವಾಣವೂ ಅದರಲ್ಲಿತ್ತು. ಆ ವರ್ಷ ರಾಜ್ಯಪಾಲ ಸ್ಥಾನಕ್ಕೆ ಎದುರುಬದುರಾಗಿದ್ದ ಬ್ರೌನ್ ಮತ್ತು ರೇಗನ್ ಇಬ್ಬರೂ ಇದನ್ನು ಬೆಂಬಲಿಸಿದರು, ನಾಲ್ವರಲ್ಲಿ ಸುಮಾರು ಮೂವರು ಮತದಾರರು ಒಪ್ಪಿದರು. ಶಾಸಕರ ಸಂಬಳ ಏರಿಸಲು ಜನ ಒಪ್ಪುವುದು ಎಲ್ಲೂ ಸುಲಭವಲ್ಲ. ಕಡಿವಾಣವನ್ನು ಅದೇ ಪ್ರಸ್ತಾವದಲ್ಲಿ ಇಟ್ಟದ್ದೇ ಗೆಲುವಿನ ಒಂದು ಗುಟ್ಟು ಎಂಬುದು ನಮ್ಮ ಅಭಿಪ್ರಾಯ. 1971ರಲ್ಲಿ ರಾಜ್ಯ ಶಾಸನಸಭೆಗಳನ್ನು ಅಧ್ಯಯನ ಮಾಡಿದ ರಾಷ್ಟ್ರಮಟ್ಟದ ನಾಗರಿಕ ಸಮ್ಮೇಳನವೊಂದು 50 ರಾಜ್ಯಗಳಲ್ಲಿ ಕ್ಯಾಲಿಫೋರ್ನಿಯಾಕ್ಕೆ ಮೊದಲ ಸ್ಥಾನ ಕೊಟ್ಟಿತು.

ಇದೇ ಹೊತ್ತಿಗೆ ಮೇಲ್ಮನೆಯೂ ಬುಡದಿಂದ ಬದಲಾಯಿತು, ಅದು ಮಾತ್ರ ಅನ್ರೂ ಮಾಡಿದ್ದಲ್ಲ. ಯಾವ ಕೌಂಟಿಗೂ (ನಮ್ಮ ಜಿಲ್ಲೆಯಂಥದ್ದು) ಒಬ್ಬರಿಗಿಂತ ಹೆಚ್ಚು ಸೆನೆಟರ್, ಅಂದರೆ ಮೇಲ್ಮನೆಯ ಸದಸ್ಯ, ಇರಬಾರದು ಎಂಬ 1926ರ ನಿಯಮದಿಂದಾಗಿ 1960ರಲ್ಲಿ 60 ಲಕ್ಷ ಜನರ ಲಾಸ್ ಏಂಜಲೀಸ್ ಕೌಂಟಿಗೆ ಒಬ್ಬ ಸೆನೆಟರ್, ಬೆಟ್ಟಸಾಲಿನ ಮೂರು ಕೌಂಟಿಗಳ ಸುಮಾರು 14,000 ಜನರಿಗೂ ಒಬ್ಬ ಸೆನೆಟರ್. 1964ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅಲಬಾಮಾದ ಪ್ರಕರಣದಲ್ಲಿ, ರಾಜ್ಯದ ಎರಡೂ ಮನೆಗಳ ಕ್ಷೇತ್ರಗಳು ಜನಸಂಖ್ಯೆಗೆ ತಕ್ಕಂತಿರಬೇಕು ಎಂದ ಮೇಲೆ 1966ರ ಚುನಾವಣೆಗೆ ಕ್ಷೇತ್ರಗಳನ್ನು ಹೊಸದಾಗಿ ಬರೆಯಲಾಯಿತು. ಕೆಳಮನೆಯಿಂದ ಹಲವರು ಮೇಲ್ಮನೆಗೆ ಹಾರಿದರು, ಅನ್ರೂ ಉಳಿದರು.

1968 ಅವರ ಪಾಲಿಗೆ ಕೆಟ್ಟ ವರ್ಷ. ರಾಬರ್ಟ್ ಕೆನಡಿ ಅಧ್ಯಕ್ಷ ಸ್ಥಾನಕ್ಕೆ ನಿಲ್ಲಬೇಕೆಂದು ಒತ್ತಾಯಿಸಿ, ಕ್ಯಾಲಿಫೋರ್ನಿಯಾದ ಪ್ರಚಾರದ ಹೊಣೆ ಹೊತ್ತವರು ಅನ್ರೂ. ಜೂನ್ 5ರ ನಡುರಾತ್ರಿ ಕಳೆದ ಮೇಲೆ ಆಂಬಾಸಡರ್ ಹೋಟೆಲಿನ ಅಡುಗೆಮನೆಯ ಹಾದಿಯಲ್ಲಿ ಕೆನಡಿಗೆ ಗುಂಡೇಟು ಬಿದ್ದಾಗ ಅವರು ಅಲ್ಲೇ ಇದ್ದರು. ಕೊಲೆಗಾರನನ್ನು ಗುಂಪು ಹೊಡೆದು ಸಾಯಿಸದಂತೆ ಅಡ್ಡನಿಂತು, ಇವನು ನ್ಯಾಯಾಲಯದ ಮುಂದೆ ಜೀವಂತ ನಿಲ್ಲಬೇಕು ಎಂದು ಕೂಗಿದರು, ಪೊಲೀಸರ ಕಾರಿನಲ್ಲಿ ಅವನ ಜೊತೆಗೇ ಹೋದರು. ಆತ್ಮೀಯ ನಾಯಕ ನೆಲದ ಮೇಲೆ ಬಿದ್ದಿರುವಾಗ ಕಾನೂನನ್ನು ನೆನೆದ ಆ ಕ್ಷಣ, ಅವರ ಇಡೀ ವೃತ್ತಿಯಲ್ಲಿ ನಮಗೆ ಅತ್ಯಂತ ಗೌರವ ಹುಟ್ಟಿಸುವಂಥದ್ದು. ನವೆಂಬರ್‌ನಲ್ಲಿ ರಿಪಬ್ಲಿಕನ್ನರು ಕೆಳಮನೆಯನ್ನು 41–39ರಿಂದ ಗೆದ್ದರು, 1969ರ ಜನವರಿಯಲ್ಲಿ ಸ್ಪೀಕರ್ ಪೀಠ ಕೈಬಿಟ್ಟಿತು.

1970ರಲ್ಲಿ ಅವರು ರೇಗನ್ ವಿರುದ್ಧ ರಾಜ್ಯಪಾಲ ಸ್ಥಾನಕ್ಕೆ ನಿಂತರು. ರೇಗನ್‌ಗೆ ಹಣ ಕೊಡುತ್ತಿದ್ದ ಶ್ರೀಮಂತ ಹೆನ್ರಿ ಸಾಲ್ವಟೋರಿಯ ಮನೆ ಮುಂದೆ ವರದಿಗಾರರನ್ನು ಕರೆದೊಯ್ದು, ರೇಗನ್ ತೆರಿಗೆ ಯೋಜನೆಯಿಂದ ಇಂಥವರಿಗೇ ಲಾಭ ಎಂದು ತೋರಿಸಲು ಹೋದದ್ದು ತಿರುಗುಬಾಣವಾಯಿತು. ವಾದ ಸರಿಯಿದ್ದರೂ, ಒಬ್ಬರ ಮನೆ ಬಾಗಿಲಿಗೆ ನುಗ್ಗಿದ ಬಿಗ್ ಡ್ಯಾಡಿ ಎಂಬ ಚಿತ್ರವೇ ಜನರ ಕಣ್ಣಿಗೆ ಬಿತ್ತು. ದುಡ್ಡೂ ಸಾಲಲಿಲ್ಲ. ಸುಮಾರು ಐದು ಲಕ್ಷ ಮತಗಳಿಂದ ಸೋತರು. ನಾಲ್ಕು ವರ್ಷ ಹಿಂದೆ ಬ್ರೌನ್ ಹತ್ತಿರ ಹತ್ತಿರ ಹತ್ತು ಲಕ್ಷದಿಂದ ಸೋತಿದ್ದರು ಎಂಬುದನ್ನು ಗಮನಿಸಿದರೆ ಇದು ಅಷ್ಟೇನೂ ಹೀನಾಯ ಸೋಲಲ್ಲ.

1973ರಲ್ಲಿ ಲಾಸ್ ಏಂಜಲೀಸ್ ಮೇಯರ್ ಸ್ಥಾನಕ್ಕೂ ಸೋತು, 1974ರಲ್ಲಿ ರಾಜ್ಯದ ಖಜಾಂಚಿಯಾಗಿ ಆಯ್ಕೆಯಾದರು. ಅದುವರೆಗೆ ಅದು ಯಾರೂ ಕಣ್ಣೆತ್ತಿ ನೋಡದ ಹುದ್ದೆ. ರಾಜ್ಯದ ಸಾಲಪತ್ರಗಳನ್ನು ಯಾವ ಸಂಸ್ಥೆಗಳು ಮಾರಬೇಕು ಎಂಬ ನಿರ್ಧಾರವೂ, ನೌಕರರ ಮತ್ತು ಶಿಕ್ಷಕರ ಪಿಂಚಣಿ ನಿಧಿಗಳ ಮಂಡಳಿಗಳಲ್ಲಿ ಸ್ಥಾನವೂ ಅದರೊಂದಿಗೆ ಬರುತ್ತದೆ ಎಂಬುದನ್ನು ಅನ್ರೂ ಕಂಡುಕೊಂಡರು. 1984ರಲ್ಲಿ ಟೆಕ್ಸಾಕೊ ತೈಲ ಕಂಪನಿ, ತನ್ನನ್ನು ನುಂಗಬಹುದೆಂಬ ಭಯದಿಂದ ಶ್ರೀಮಂತ ಹೂಡಿಕೆದಾರರಾದ ಬಾಸ್ ಸೋದರರ ಷೇರುಗಳನ್ನು ಮಾತ್ರ ಮಾರುಕಟ್ಟೆಗಿಂತ ಹೆಚ್ಚಿನ ದರಕ್ಕೆ ಕೊಂಡಿತು. ಅದೇ ಷೇರು ಹಿಡಿದಿದ್ದ ಪಿಂಚಣಿ ನಿಧಿಗಳಿಗೆ ಆ ದರ ಸಿಗಲಿಲ್ಲ. ಅದರಿಂದ ಕೆರಳಿ ಅವರು 1985ರಲ್ಲಿ ಇತರ ಸಾರ್ವಜನಿಕ ನಿಧಿಗಳ ಜೊತೆ ಸೇರಿ ಸಾಂಸ್ಥಿಕ ಹೂಡಿಕೆದಾರರ ಮಂಡಳಿ ಕಟ್ಟಿದರು. ಸಾಲಪತ್ರ ಮಾರುವ ಸಂಸ್ಥೆಗಳಿಂದಲೇ ಚುನಾವಣಾ ದೇಣಿಗೆ ಪಡೆದರು ಎಂಬ ಟೀಕೆಯೂ ಜೊತೆಗೇ ಬಂತು, ಅದು ಆಧಾರವಿಲ್ಲದ್ದಲ್ಲ. ಅಧಿಕಾರದಲ್ಲಿದ್ದಾಗಲೇ 1987ರ ಆಗಸ್ಟ್ 4ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು.

ಮೂರು ವರ್ಷಗಳ ನಂತರ, 1990ರ ನವೆಂಬರ್‌ನಲ್ಲಿ, ಕ್ಯಾಲಿಫೋರ್ನಿಯಾದ ಮತದಾರರು 140ನೇ ಪ್ರಸ್ತಾವವನ್ನು ಒಪ್ಪಿದರು. ಕೆಳಮನೆಯಲ್ಲಿ ಜೀವಮಾನಕ್ಕೆ ಆರು ವರ್ಷ, ಮೇಲ್ಮನೆಯಲ್ಲಿ ಎಂಟು ವರ್ಷ. ಜೊತೆಗೆ ಶಾಸನಸಭೆಯ ವೆಚ್ಚದಲ್ಲಿ ಸುಮಾರು ಶೇ 38 ಕಡಿತ. ಜನರ ಸಿಟ್ಟಿಗೆ ಕಾರಣವಿತ್ತು. ಪೂರ್ಣಾವಧಿಯ ಸದನ ಜೀವನಪರ್ಯಂತದ ರಾಜಕಾರಣಿಗಳನ್ನು ಬೆಳೆಸಿತ್ತು, ಸಮಿತಿಯ ಸಿಬ್ಬಂದಿಯಲ್ಲಿ ಕೆಲವರು ಚುನಾವಣಾ ಕೆಲಸಕ್ಕೆ ಹೊರಳಿದ್ದರು, ತೂಬು ಹಿಡಿದ ಸ್ಪೀಕರ್ ಪದ್ಧತಿ ಅನ್ರೂ ನಂತರ ಇನ್ನೂ ಬಲವಾಗಿತ್ತು. ಆದರೆ ಕತ್ತರಿ ಬಿದ್ದದ್ದು ಹಣ ಹರಿಯುವ ಕಾಲುವೆಗಲ್ಲ, ಮಾಹಿತಿ ಕೊಡುವ ಸಿಬ್ಬಂದಿಗೆ. ಅನುಭವಿ ಸಲಹೆಗಾರರು ಒಟ್ಟಾಗಿ ಕೆಲಸ ಬಿಟ್ಟರು. ಹೊಸ ಶಾಸಕ ಬಜೆಟ್ ಓದಲು ಕಲಿಯುವಷ್ಟರಲ್ಲಿ ಅವಧಿ ಮುಗಿಯತೊಡಗಿತು, ಹಳೆಯ ಸಂಗತಿ ನೆನಪಿಟ್ಟುಕೊಂಡವರು ಲಾಬಿಯವರೂ ಅಧಿಕಾರಿಗಳೂ ಮಾತ್ರ ಎಂಬಂತಾಯಿತು. 2012ರಲ್ಲಿ ಮಿತಿಯನ್ನು ಒಟ್ಟು 12 ವರ್ಷಕ್ಕೆ, ಒಂದೇ ಮನೆಯಲ್ಲಿ ಅಷ್ಟನ್ನೂ ಕಳೆಯಬಹುದಾದಂತೆ, ಬದಲಿಸಿದ್ದು ಈ ತೊಂದರೆ ಅನುಭವಕ್ಕೆ ಬಂದ ಮೇಲೆಯೇ.

ಹಾಗಾಗಿ ನಮ್ಮ ವಿನಂತಿ ಇಷ್ಟು. ತಾಯಿಹಾಲಿನ ಆ ಮಾತನ್ನು ಮುಂದೆ ಅಚ್ಚು ಮಾಡುವಾಗ, ಹೇಳಿದವರು ಎರಡು ವರ್ಷದ ಅವಧಿಯ ರಾಜ್ಯ ಶಾಸಕರಾಗಿ 1959ರ ಎರಡು ಕಾಯ್ದೆಗಳನ್ನು ತಂದವರು, 1966ರಲ್ಲಿ ಶಾಸನಸಭೆಯನ್ನು ಪೂರ್ಣಾವಧಿಗೆ ಬೆಳೆಸಿದವರು ಎಂಬ ಒಂದು ಸಾಲನ್ನೂ ಸೇರಿಸಿ. ಅವರನ್ನು ವಾಷಿಂಗ್ಟನ್ನಿನ ಸೆನೆಟರ್ ಎಂದೋ ಕ್ಯಾಲಿಫೋರ್ನಿಯಾದ ರಾಜ್ಯಪಾಲರೆಂದೋ ಬರೆಯಬೇಡಿ, ಅವರು ಎರಡೂ ಆಗಿರಲಿಲ್ಲ. ಅನ್ರೂ, ರಂಫರ್ಡ್, ಲ್ಯಾಂಟರ್ಮನ್, ವಾಲ್ಡಿಯವರಂಥ ರಾಜ್ಯ ಶಾಸಕರ ಮೇಲೆ ಸರಣಿಯೊಂದನ್ನು ಪ್ರಕಟಿಸುವುದಾದರೆ ಓದುವವರು ಖಂಡಿತ ಇದ್ದಾರೆ.

ಇಂತಿ,
ಅಮೆರಿಕದ ರಾಜ್ಯ ಶಾಸನಸಭೆಗಳ ಇತಿಹಾಸದಲ್ಲಿ ಆಸಕ್ತಿಯುಳ್ಳ ಓದುಗರು